ಬೆಕ್ಕಿನ ನಂತರ

ಮೊದಲು ನಮ್ಮ ಪ್ರಯೋಗಾಲಯವೆಂದರೆ ಬೆಕ್ಕು.
ಅಜ್ಜಿ ಬೇಯಿಸಿದ ಕಪ್ಪೆಚಿಪ್ಪಿನ ಮೊದಲ ತುಣುಕು ಅದಕ್ಕೆ,
ಆಮೇಲೆ ಒಲೆಯ ಸುತ್ತ ಕೂತು ಕಾಯುವುದು.
ಅರ್ಧ ತಾಸು ಕಳೆದು ಅದು ಮೀಸೆ ನೆಕ್ಕಿಕೊಂಡರೆ
ನಮಗೆ ಊಟ.
ಕಾಲು ತೊಡರಿಸಿಕೊಂಡು ಬಿದ್ದರೆ
ಬರೀ ಆಲೂಗಡ್ಡೆ.
ಈ ಚಿಲೊಯೆ ದ್ವೀಪದಲ್ಲಿ ಹೀಗೆ ಎಷ್ಟು ಬೆಕ್ಕುಗಳು
ಯಾವ ವರದಿಯಲ್ಲೂ ಹೆಸರಿಲ್ಲದೆ
ವಿಜ್ಞಾನಕ್ಕೆ ಸಂದವೋ.

ಈಗ ಸರ್ಕಾರಿ ಲ್ಯಾಬ್ ಇದೆ, ಇಲ್ಲವೆನ್ನಲಾರೆ.
ದೋಣಿ ದಾಟಿ, ಬಸ್ಸು ಹಿಡಿದು, ಒಂದು ಹಗಲಿನ ದಾರಿ.
ನೀರು ಇವತ್ತಿನದು, ಉತ್ತರ ಬರುವ ವಾರದ್ದು;
ಅಷ್ಟರಲ್ಲಿ ಹದಿಮೂರು ಸಲ ಕಡಲು ಬಂದು ಹೋಗಿರುತ್ತದೆ.
ಶಾಲೆಯ ಮೇಷ್ಟ್ರನ್ನು ಕೇಳಿದೆ: ಒಂದು ಸೂಕ್ಷ್ಮದರ್ಶಕಕ್ಕೆಷ್ಟು?
ಅವರು ಹೇಳಿದ ದುಡ್ಡಿಗೆ
ನಮ್ಮ ದೋಣಿಗೆ ಹೊಸ ಎಂಜಿನ್ನೇ ಬರುತ್ತಿತ್ತು,
ಮೇಲೊಂದು ಕೋಟು ಬಣ್ಣ ಸಹಿತ.

ಹಳೆ ಸಾಮಾನಿನ ಸಂತೆಯಲ್ಲಿ, ತುಕ್ಕು ಬೀಗಗಳ ನಡುವೆ,
ಬಾಲ ಸುತ್ತಿಕೊಂಡು ಬಿದ್ದಿತ್ತು ಒಂದು ವೆಬ್‌ಕ್ಯಾಮ್.
ಎರಡು ಸಾವಿರ ಪೆಸೊ. ಡಜನ್ ಮೊಟ್ಟೆಗಿಂತ ಅಗ್ಗ.
ತಂಗಿಯ ಮಗ ನೊಲ್ಬೆರ್ತೊ ಅದರ ಕಣ್ಣು ಬಿಚ್ಚಿ
ತಿರುವಿ ಕೂರಿಸಿದ.
ಮುಖ ನೋಡಲು ಹುಟ್ಟಿದ್ದು ತಲೆಕೆಳಗಾದದ್ದೇ
ಧೂಳನ್ನು ಬೆಟ್ಟ ಮಾಡಿತು.
ಮೂರು ಬೋಲ್ಟು, ಸಿಡಿ ಡಬ್ಬಿಯ ಮುಚ್ಚಳ,
ಅಡಿಯಲ್ಲಿ ಸೈಕಲ್ಲಿನ ದೀಪ.
ಬಲೆಗೆ ನನ್ನ ಮದುವೆಯ ಕಾಲುಚೀಲ;
ಗಂಡನಿಗಿಂತ ಬಾಳಿಕೆ ಬಂದ ನೈಲಾನ್.
ಸೊಪ್ಪಿನ ನೀರು ಕೊಡವುವ ತಿರುಗುಬುಟ್ಟಿಗೆ
ಪುಟ್ಟ ಶೀಸೆ ಕಟ್ಟಿ ಗರಗರ ತಿರುಗಿಸಿದರೆ
ಇದ್ದದ್ದೆಲ್ಲ ತಳಕ್ಕೆ.

ಮೊದಲ ಹನಿ ತೆರೆಗೆ ಬಂದ ರಾತ್ರಿ
ಅರವತ್ತೊಂದು ವರ್ಷ ಕೈ ಅದ್ದಿದ ನೀರು
ನನಗೆ ಗುರುತೇ ಸಿಗಲಿಲ್ಲ.
ಗಾಜಿನ ದೋಣಿ, ಕೊಂಬಿನ ಗಂಟೆ,
ಯಾರೋ ಮರೆತು ಹೋದ ಬಾಚಣಿಗೆ.

ಮೂರನೆಯ ವಾರ ಸರ ಕಂಡೆ.
ಮಣಿಗೆ ಮಣಿ ಪೋಣಿಸಿದ್ದು. ಎದೆ ಧಸಕ್ಕೆಂದಿತು.
ದಂಡೆಗೆ ಓಡಿ ಕೂಗಿದೆ: ಕೀಳಬೇಡಿ, ಬಂದಿದೆ, ಬಂದಿದೆ!
ಐದು ದಿನ ಯಾರೂ ಕೀಳಲಿಲ್ಲ.
ಆರನೆಯ ದಿನ ವರದಿ: ವಿಷವಿಲ್ಲ.
ನಾನು ಕಂಡದ್ದು ಬೇರೆ ಸರ, ಪಾಪದ್ದು,
ಯಾರ ತಂಟೆಗೂ ಹೋಗದ್ದು.
ರೊಸೆಂದಾ ಒಂದು ತಿಂಗಳು ನನಗೆ ಬ್ರೆಡ್ಡು ಮಾರಲಿಲ್ಲ.
ಎದುವಿನಾಗೆ ವಯಸ್ಸಾದ ಮೇಲೆ ಆಟದ ಸಾಮಾನು ಸಿಕ್ಕಿದೆ, ಎಂದಳು.
ಮಾತು ಸರಿಯಾಗಿಯೇ ಇತ್ತು.
ಅದಕ್ಕೇ ಹೆಚ್ಚು ಉರಿಯಿತು.

ಕದ ಹಾಕಿಕೊಂಡು ಕಂಡದ್ದನ್ನೆಲ್ಲ ಬಿಡಿಸಿದೆ,
ಮೀನು ಮಾರಿದ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ.
ಹಾಳೆಗಳನ್ನು ಲ್ಯಾಬಿನ ಹುಡುಗಿ ಮಿಲ್ಯಾರಾಯ್‌ಗೆ ಕಳಿಸಿದೆ.
ನಗಬಹುದಿತ್ತು. ಕೆಂಪು ಶಾಯಿಯಲ್ಲಿ ಬರೆದು ಮರಳಿಸಿದಳು:
ಸರ ನೋಡಬೇಡಿ, ಸೊಂಟ ನೋಡಿ.
ಕೆಟ್ಟದ್ದಕ್ಕೆ ನಡುವಿನಲ್ಲಿ ಪಟ್ಟಿಯ ಗುರುತಿರುತ್ತದೆ.
ಅಯೋಡಿನ್ ಹಾಕುವ ಮುಂಚೆ ನೋಡಿ, ಅದು ಈಜುತ್ತದೆ.

ಮಾರ್ಚಿನ ಒಂದು ಮುಂಜಾನೆ ಈಜಿತು.
ನಾಲ್ಕೇ ಮಣಿ, ನಡು ಬಿಗಿದು, ಒಟ್ಟಿಗೆ ಹೊರಳುತ್ತ,
ಯಾವ ಅವಸರವೂ ಇಲ್ಲದ ರೈಲಿನ ಹಾಗೆ.
ಈ ಸಲ ಕೂಗಲಿಲ್ಲ.
ರೊಸೆಂದಾಳನ್ನು ಕರೆದು ಕುರ್ಚಿ ಎಳೆದುಕೊಟ್ಟೆ.
ನನ್ನ ಮಾತು ಬೇಡ, ನೀನೇ ನೋಡು.
ಇದು ಜೀವಿಯನ್ನು ತೋರಿಸುತ್ತದೆ, ವಿಷವನ್ನಲ್ಲ,
ವಿಷದ ಮಾತು ಲ್ಯಾಬಿನವರದು,
ನೀರು ಆಗಲೇ ಬಸ್ಸು ಹತ್ತಿದೆ.
ಅವಳು ಹಿಟ್ಟು ಮೆತ್ತಿದ ಬೆರಳನ್ನು ತೆರೆಗೆ ತಾಗಿಸಿ ಎಣಿಸಿದಳು,
ಮತ್ತೆ ಎಣಿಸಿದಳು.
ಬುಟ್ಟಿಯನ್ನು ನನ್ನ ಅಂಗಳದಲ್ಲೇ ಬಿಟ್ಟು ಹೋದಳು.

ಮರುವಾರ ಅವಳ ಮೊಮ್ಮಗ ಬಾಗಿಲಲ್ಲಿ.
ಜೇಬಿನಿಂದ ಇಳಿಬಿದ್ದಿತ್ತು ಒಂದು ಕಪ್ಪು ಬಾಲ.
ಇದರ ಕಣ್ಣನ್ನೂ ತಿರುವಿ ಕೊಡ್ತೀರಾ?
ನೀನೇ ತಿರುವು, ಎಂದು ಸ್ಕ್ರೂಡ್ರೈವರ್ ಕೊಟ್ಟೆ.

ಬೆಕ್ಕು ಈಗ ಕಂಪ್ಯೂಟರಿನ ಬಿಸಿಗೆ ಬೆನ್ನು ಕೊಟ್ಟು ಮಲಗುತ್ತದೆ.
ತಟ್ಟೆಗೆ ಏನು ಹಾಕಿದರೂ
ಮೊದಲು ನನ್ನ ಮುಖ ನೋಡುತ್ತದೆ,
ನೀನು ತಿಂದೆಯಾ, ಎಂಬಂತೆ.