ಲೀಟರಿಗೆ ಎಷ್ಟು ಬಿತ್ತು

ಒಂದೇ ಅಂಕಿ ಸಾಕು ಅಂದಿರಿ, ಧಣಿ.
ಹದಿನಾಲ್ಕು ಲಾರಿ, ಮೊಂಬಾಸಾ ಬಂದರಿನಿಂದ ಮಲಾಬಾ ಗಡಿಗೆ,
ಲೀಟರಿಗೆ ಎಷ್ಟು ಬಿತ್ತು, ಅಷ್ಟೇ.
ಮರಿಯಾಕಾನಿಯ ಈ ತಗಡಿನ ಕೋಣೆಯಲ್ಲಿ
ಮೂರು ದಿನ ಕೂತು ಕೂಡಿದೆ, ಕಳೆದೆ.
ಬಿತ್ತು ಎಂಬ ಮಾತಿನ ಮೇಲೆಯೇ
ಎರಡನೇ ದಿನ ಪೆನ್ನು ನಿಂತಿತು.

ಮೊದಲು ರಸ್ತೆ ಬದಿಯ ಬಂಕು.
ಮ್ಟಿಟೊ ಅಂಡೈ ದಾಟಿದ ಮೇಲೆ ಬೋರ್ಡಿನಲ್ಲಿ
ಎರಡು ಶಿಲ್ಲಿಂಗ್ ಕಡಿಮೆ. ಸುಳ್ಳಲ್ಲ.
ಬೋರ್ಡು ಹೇಳದ್ದು: ಹೋಗಿ ಬರಲು ಒಂಬತ್ತು ಕಿಲೋಮೀಟರ್,
ಸರದಿಯಲ್ಲಿ ಐವತ್ತು ನಿಮಿಷ.
ಗಡಿ ಮುಟ್ಟುವಷ್ಟರಲ್ಲಿ ಆ ಐವತ್ತು ನಿಮಿಷ
ಮರಿ ಹಾಕಿ ಇಡೀ ಒಂದು ರಾತ್ರಿಯಾಗಿರುತ್ತದೆ.
ರಾತ್ರಿಗೆ ಮುಟಿಂಡಾನ ಭತ್ಯೆ, ಕಂಟೇನರಿನ ಬಾಡಿಗೆ,
ಕಾವಲಿನವನ ಚಹಾದ ಕಾಸು (ರಸೀದಿ ಇಲ್ಲ).
ಎರಡು ಉಳಿಸಲು ಹೋಗಿ ಏಳು ಕೊಟ್ಟು ಬಂದಿದ್ದೇವೆ,
ನಾಲ್ಕು ವರ್ಷ, ನಗುನಗುತ್ತ.

ಆಮೇಲೆ ನಮ್ಮದೇ ತೊಟ್ಟಿ, ನೀವು ಹಿತ್ತಲಲ್ಲಿ ಹೂಳಿಸಿದ್ದು.
ಸಗಟು ದರ, ಮನೆ ಬಾಗಿಲಲ್ಲೇ ಎಣ್ಣೆ.
ಸೋಮವಾರ ಬೆಳಿಗ್ಗೆ ಎಕಾಯ್ ಅಳತೆಗೋಲು ಇಳಿಸುತ್ತಾನೆ,
ಎತ್ತಿ, ಒದ್ದೆ ಗೆರೆಯನ್ನು ಬೆರಳಲ್ಲಿ ತೋರಿಸಿ
ನನ್ನ ಮುಖ ನೋಡುತ್ತಾನೆ, ಕದ್ದವನ ಹಾಗೆ.
ಅವನು ಕದ್ದಿಲ್ಲ.
ಮಟಮಟ ಮಧ್ಯಾಹ್ನ ಉಬ್ಬಿದ ಎಣ್ಣೆ ಕೊಂಡು
ನಸುಕಿನ ತಂಪಿನಲ್ಲಿ ಅಳೆದರೆ ಕುಗ್ಗಿರುತ್ತದೆ;
ಕಳ್ಳನಿಲ್ಲದ ಕಳವು.
ಹೋದ ವರ್ಷ ಇದಕ್ಕೇ ಒಬ್ಬನ ಕೆಲಸ ಕಳೆದೆವು.
ಅವನ ಹೆಸರನ್ನು ಯಾವ ಖಾತೆಗೆ ಬರೆಯಲಿ?

ಕುಗ್ಗಿದ್ದನ್ನು ಬಿಟ್ಟರೂ ವಾರಕ್ಕೆ ಹನ್ನೊಂದು ಲೀಟರ್ ಕಾಣೆ.
ಬೇಲಿಯಾಚೆಯ ಉಮಾಜಿ ಅಜ್ಜಿ
ಮೊನ್ನೆ ತನ್ನ ಬಾವಿಯಿಂದ ಒಂದು ಬಕೆಟ್ ನೀರು ತಂದು
ಲೆಡ್ಜರಿನ ಪಕ್ಕ ಇಟ್ಟಳು. ಮಾತಾಡಲಿಲ್ಲ.
ನೀರಿನ ಮೇಲೆ ನವಿಲುಗರಿಯ ಬಣ್ಣ.
ಮೂಸಿದೆ.
ನಮ್ಮದೇ.

ಮೂರನೆಯದು ರಾತ್ರಿ ಬರುವ ಟ್ಯಾಂಕರು.
ಸಾಲಾಗಿ ನಿಂತ ಲಾರಿಗಳಿಗೆ ಒಂದೊಂದಾಗಿ ಕುಡಿಸಿ ಹೋಗುತ್ತದೆ.
ಮೂರು ಶಿಲ್ಲಿಂಗ್ ಹೆಚ್ಚು; ಆದರೆ ಸರದಿಯಿಲ್ಲ, ಸುತ್ತಿಲ್ಲ.
ಐವತ್ತು ನಿಮಿಷ ಲಾಭ ಅಂತ ಬರೆದು
ಅಡಿಗೆ ಎರಡು ಗೀಟು ಎಳೆದಿದ್ದೆ.
ಮುಟಿಂಡಾ ಬಗ್ಗಿ ನೋಡಿದ:
"ನಾಡ್ಜುವಾ, ನಾನು ನಿದ್ದೆ ಮಾಡುತ್ತಿದ್ದದ್ದು ಆ ಸರದಿಯಲ್ಲೇ."
ಪರೀಕ್ಷೆಗೆಂದು ಎರಡು ವಾರ ಟ್ಯಾಂಕರು ತರಿಸಿದೆವಲ್ಲ,
ಹನ್ನೆರಡನೇ ರಾತ್ರಿ, ಮ್ಯಾಕಿನನ್ ರೋಡ್ ಹತ್ತಿರ
ಅವನ ಲಾರಿ ಬಾವೊಬಾಬ್ ಮರವೊಂದನ್ನು ಸವರಿತು.
ನಾನು ಬರೆದದ್ದು:
ಕನ್ನಡಿ, ಎಡಗಡೆ, ಒಂದು.

ಬ್ಯಾಟರಿ ಲಾರಿಯವನೂ ಬಂದಿದ್ದ, ಹೊಳೆಯುವ ಪುಸ್ತಕ ಹಿಡಿದು.
ಕಿಲೋಮೀಟರಿಗೆ ಅರ್ಧ ಖರ್ಚು, ಹೊಗೆಯಿಲ್ಲ, ಸದ್ದಿಲ್ಲ
ಅನ್ನುವಷ್ಟರಲ್ಲಿ ಫ್ಯಾನು ನಿಂತಿತು. ಕರೆಂಟು ಹೋಯಿತು.
ಮೊದಲು ನಕ್ಕವನು ಅವನೇ; ಒಳ್ಳೆಯ ಹುಡುಗ.
ಅವನ ಪುಸ್ತಕದಿಂದಲೇ ಗಾಳಿ ಹಾಕಿಕೊಂಡೆವು.
ಅವನನ್ನು ಹೊಡೆದುಹಾಕಿಲ್ಲ:
ಬಂದರಿಂದ ಇಲ್ಲಿಗೆ ಓಡಾಡುವ ಎರಡು ಲಾರಿಗೆ
ಅವನ ಲೆಕ್ಕ ನಿಲ್ಲುತ್ತದೆ. ಮಲಾಬಾಕ್ಕೆ ನಿಲ್ಲದು.

ಅಂಕಿ ಕೇಳಿದಿರಿ, ಹಾಳೆಯ ಕೊನೆಗೆ ಬರೆದಿದ್ದೇನೆ.
ಟ್ಯಾಂಕರೇ ಸರಿ, ಐವತ್ತು ನಿಮಿಷ ನಿದ್ದೆ
ಎಂಬ ಸಾಲೊಂದನ್ನು ಸೇರಿಸಿದರೆ.
ಸೇರಿಸಿಯೇ ಕೂಡಿದ್ದು; ಅದಕ್ಕೇ ಕಣ್ಣಿಗೆ ಜಾಸ್ತಿ ಕಾಣುತ್ತದೆ.
ತೊಟ್ಟಿಯ ಲೆಕ್ಕ ಮಾತ್ರ ಮುಗಿದಿಲ್ಲ.
ಬಾವಿಗೆ ಎಷ್ಟು ಅಂತ ಅಜ್ಜಿಯನ್ನೇ ಕೇಳಿದೆ.
"ಲೆಕ್ಕದವಳು ನೀನಲ್ಲವೇ" ಅಂದಳು.

ಬಕೆಟ್ಟನ್ನು ನಿಮ್ಮ ಬಾಗಿಲಿಗೆ ಅಡ್ಡ ಇಟ್ಟಿದ್ದೇನೆ, ಧಣಿ,
ಬೆಳಿಗ್ಗೆ ಬರುವಾಗ ನೋಡಿಕೊಂಡು ದಾಟಿ.