ಅವೆನ್ಯೂ ರಸ್ತೆಯಲ್ಲಿ ಪಾಟೀಸವಾಲು

ಭಾನುವಾರ ಕೋರ್ಟಿಗೆ ರಜ, ನನ್ನ ಬೆರಳಿಗೂ.
ಆರು ದಿನ ಸಿವಿಲ್ ಕೋರ್ಟಿನ ಕಾಂಪೌಂಡಿಗೆ ಬೆನ್ನು ಕೊಟ್ಟು
ಕಂಡವರ ಪ್ರಮಾಣಪತ್ರ ಟೈಪು ಮಾಡುವವಳು
ಇವತ್ತು ಇಂಚರಳ ಹಿಂದೆ ಚೀಲ ಹಿಡಿದು ನಡೆದೆ,
ಮೈಸೂರು ಬ್ಯಾಂಕ್ ಸರ್ಕಲ್ಲಿನಿಂದ ಕೆಳಕ್ಕೆ,
ಮುಚ್ಚಿದ ಷಟರುಗಳ ಮುಂದೆ
ಟಾರ್ಪಾಲಿನ ಮೇಲೆ ಪುಸ್ತಕ ಹರಡಿದ್ದಲ್ಲಿಗೆ.

ಅವಳ ಕೈಯಲ್ಲಿ ಚೀಟಿ, ಸೀನಿಯರ್ ಹುಡುಗಿ ಬರೆದುಕೊಟ್ಟದ್ದು:
ಲೀಗಲ್ ರೀಸನಿಂಗಿಗೆ ಒಂದು, ಇಂಗ್ಲಿಷಿಗೆ ಒಂದು,
ಲೆಕ್ಕಕ್ಕೆ ತೆಳ್ಳಗಿನದು ಸಾಕು,
ಜಿ.ಕೆ. ಹಳೆಯದು ಬೇಡವೇ ಬೇಡ. ಕೆಳಗೆ ಎರಡು ಗೆರೆ.
ಕೋಚಿಂಗಿನವರು ಹೇಳಿದ ಫೀಸು ಚೀಟಿಯಲ್ಲಿಲ್ಲ.
ಅದನ್ನು ನಾವಿಬ್ಬರೂ ಬಾಯಿಬಿಟ್ಟು ಆಡಿಯೂ ಇಲ್ಲ.

ಎಷ್ಟೊಂದು ಗೈಡು!
ಒಂದೊಂದರ ಮೈಮೇಲೂ ಗೆದ್ದವರ ಫೋಟೋ,
ಪಾಸ್‌ಪೋರ್ಟ್ ಸೈಜಿನ ನಗು,
ನೋಟರಿಯ ಮೊಹರಿಗೆ ಕಾದು ಕೂತ ಹಾಗೆ.
ಒಂದು ಮೂವತ್ತೇ ದಿನ ಸಾಕು ಅನ್ನುತ್ತೆ,
ಇನ್ನೊಂದು ಹತ್ತು ಸಾವಿರ ಪ್ರಶ್ನೆ ಅನ್ನುತ್ತೆ.
ಎತ್ತಿ ನೋಡಿದೆ, ಎರಡು ಕೆ.ಜಿ. ಅವರೆಕಾಯಿಯ ತೂಕ.

"ಈ ವರ್ಷದ್ದೇ ಅಕ್ಕ" ಅಂದ ನಯಾಜ್.
ಇಸವಿಯ ಮೇಲೆ ಅಂಟಿಸಿದ್ದನ್ನು ಉಗುರಲ್ಲಿ ಕೆರೆದೆ.
ಕೆಳಗೊಂದು ಇಸವಿ. ಅದರ ಕೆಳಗೆ ಇನ್ನೊಂದು.
"ಕಾನೂನು ಎಲ್ಲಾದರೂ ಹಳೇದಾಗುತ್ತಾ ಅಕ್ಕ?"
"ಆಗುತ್ತಪ್ಪ. ನಾನೂರಿಪ್ಪತ್ತು ಈಗ ಮುನ್ನೂರ ಹದಿನೆಂಟು.
ಮೋಸ ಮಾತ್ರ ಅದೇ."
ನಕ್ಕ. ಐವತ್ತು ಇಳಿಸಿದ.

ಅಷ್ಟರಲ್ಲಿ ಇವಳು ಕುಕ್ಕರುಗಾಲಲ್ಲಿ ಕೂತು
ರಟ್ಟು ಹೋದದ್ದೊಂದನ್ನು ಓದುತ್ತಿದ್ದಾಳೆ.
ಮೊದಲ ಪುಟದಲ್ಲಿ ದುಂಡಗೆ: ವಿ. ಎಸ್ತರ್, ಲಿಂಗರಾಜಪುರ.
ಪುಟಪುಟಕ್ಕೂ ಪೆನ್ಸಿಲ್ಲಿನ ಟಿಕ್ಕು.
ನೂರ ನಲವತ್ತೊಂದರಲ್ಲಿ ಒಂದು ಕೇಸು:
ಯಜಮಾನ ಮೂರು ತಿಂಗಳ ಸಂಬಳ ಕೊಡಲಿಲ್ಲ,
ಕೆಲಸದವಳು ಬೆಳ್ಳಿ ಚಮಚ ಒಯ್ದಳು. ಕಳ್ಳತನವೇ?
ಉತ್ತರ: ಹೌದು.
ಇಂಗ್ಲಿಷ್ ಪುಸ್ತಕದ ಅಂಚಿನಲ್ಲಿ ಕನ್ನಡದ ಜಗಳ:
'ಸರಿ. ಸಂಬಳ ಹಿಡಿದದ್ದಕ್ಕೆ ಏನು ಹೆಸರು?'

ಅಲ್ಲಿಂದ ಮುಂದೆ ಹಾಳೆಗಳೆಲ್ಲ ಬಿಳಿ.
ಸೀಟು ಸಿಕ್ಕಿತೋ, ಮದುವೆಯಾಯಿತೋ,
ಪೆನ್ಸಿಲ್ಲೇ ಮುಗಿಯಿತೋ.
ಸಾಕ್ಷಿಯಿಲ್ಲದ್ದನ್ನು ನಾನು ಟೈಪು ಮಾಡುವವಳಲ್ಲ.

"ಗೀಚಿದ್ದು ಯಾಕೆ, ಒಳ್ಳೇದು ತಗೋ" ಅಂದೆ.
"ಇವಳ ಜೊತೆ ಓದ್ತೀನಿ" ಅಂದಳು.
ಎಂಬತ್ತು ರೂಪಾಯಿ. ಜಿ.ಕೆ. ಮಾತ್ರ ಹೊಸದು,
ಅದರ ಬೆಲೆ ಇವಳಪ್ಪನಿಗೆ ಹೇಳುವುದಿಲ್ಲ.

ಮಾರ್ಕೆಟ್ಟಿನಲ್ಲಿ ಬಸ್ಸು ಹತ್ತಿದ್ದೇ ರಬ್ಬರು ತೆಗೆದಳು.
ಟಿಕ್ಕುಗಳೆಲ್ಲ ಪುಡಿಯಾಗಿ ನನ್ನ ಸೀರೆಯ ಮೇಲೆ.
"ತಪ್ಪು ಬರೆದರೆ ಕಾಲು ಅಂಕ ಹೋಗುತ್ತೆ ಅಮ್ಮ."
"ಖಾಲಿ ಬಿಟ್ಟರೆ?"
"ಏನೂ ಹೋಗಲ್ಲ. ಏನೂ ಬರೋದೂ ಇಲ್ಲ."
ಸುಮ್ಮನೆ ಕಿಟಕಿಯ ಕಡೆ ತಿರುಗಿದೆ.
ಹತ್ತೊಂಬತ್ತಕ್ಕೆ ಟೈಪಿಂಗ್ ಸೀನಿಯರ್ ಪಾಸಾದವಳು,
ಒಂದು ಇಡೀ ಪತ್ರಿಕೆ ಖಾಲಿ ಬಿಟ್ಟು ಎದ್ದುಬಂದವಳು.

ನೂರ ನಲವತ್ತೊಂದು ಬಂತು. ರಬ್ಬರು ನಿಂತಿತು.
ಅಂಚಿನ ಆ ಸಾಲನ್ನು ಅಳಿಸಲಿಲ್ಲ,
ಸೊನ್ನೆ ರೂಪಾಯಿಯ ಟಿಕೆಟ್ಟನ್ನು ಅಲ್ಲೇ ಗುರುತಿಗಿಟ್ಟಳು.
ನಾಗರಬಾವಿ ಕಾಲೇಜಿನ ಗೇಟು ಯಾವಾಗ ದಾಟಿತೋ,
ತೋರಿಸಬೇಕೆಂದುಕೊಂಡಿದ್ದೆ, ಮರೆತೆ.
ನಮ್ಮ ಸ್ಟಾಪೂ ದಾಟಿಹೋಯಿತು. ಕಂಡಕ್ಟರ್ ಬೈದ.
ಇಳಿದು ಹಿಂದಕ್ಕೆ ನಡೆದೆವು,
ಚೀಲದ ಒಂದು ಕಿವಿ ಅವಳು, ಒಂದು ಕಿವಿ ನಾನು.