ಅಕ್ಷರದಾಂವ

ದಾದರಿನ ಪಾರ್ಸಿ ಕಾಲನಿ, ಮೂರನೆಯ ಮಾಳಿಗೆ.
ಹೋಶಂಗರ ಊಟದ ಮೇಜಿನ ಮೇಲೆ
ಊಟ ನಡೆದು ಹನ್ನೊಂದು ವರ್ಷ.
ಅಲ್ಲೀಗ ಹಳಿ, ಪ್ಲೈವುಡ್ಡಿನ ಘಾಟು,
ಪಾತ್ರೆ ತಿಕ್ಕುವ ನಾರಿನಿಂದ ಎದ್ದ ಪೊದೆ,
ಉಪ್ಪಿನ ಡಬ್ಬಿಯಷ್ಟು ಸಿಗ್ನಲ್ ಕ್ಯಾಬಿನ್ನು.
ಸೈಡಿಂಗಿನಲ್ಲಿ ಒಂಟಿ ಬೋಗಿ,
ಎರಡು ವರ್ಷದಿಂದ ಬೂದು ಪ್ರೈಮರಿನಲ್ಲೇ,
ಅಳತೆ ಕೊಟ್ಟು ಬಟ್ಟೆಗೆ ಕಾಯುವವನ ಹಾಗೆ.

ಜಗಳ ಕೆಂಪಿನದು.
ನೀಲಿ ಬರುವ ಮೊದಲು ಮೇಲ್ ಗಾಡಿಗಳು ಉಟ್ಟಿದ್ದ
ಆ ಕೆಂಪು.

‘ಗೇರು’ ಎನ್ನುತ್ತಾರೆ ನೇನೆ, ಮೇಜು ಗುದ್ದಿ.
ಅವರ ಮರಾಠಿಯ ಗೇರು ಕೆಮ್ಮಣ್ಣು;
ನನ್ನ ಕುಮಟೆಯ ಕಿವಿಗೆ ಮಾತ್ರ ಪ್ರತಿ ಸಲವೂ
ಗೇರುಹಣ್ಣು ಬಿದ್ದು ಒಡೆದ ವಾಸನೆ.
‘ಒಣಗಿದ ಕೋಕಮ್ ಸಿಪ್ಪೆ, ಅದೂ ಒಳಮೈ’ — ಮಿನೆಜಿಸ್.
ಹೋಶಂಗ್ ಮಾತಾಡುವುದಿಲ್ಲ. ನಶ್ಯದ ಡಬ್ಬಿಯಿಂದ
ಬಣ್ಣದ ಚಕ್ಕೆಯೊಂದನ್ನು ತೆಗೆಯುತ್ತಾರೆ,
ಎಪ್ಪತ್ತೊಂಬತ್ತರಲ್ಲಿ, ಕಲ್ಯಾಣದಲ್ಲಿ, ಉಗುರಿನಿಂದ ಎಬ್ಬಿಸಿದ್ದು.
ಅದೀಗ ಕಾಫಿಪುಡಿ.
ಬಣ್ಣಕ್ಕೂ ವಯಸ್ಸಾಗುತ್ತದೆ ಎಂದರೆ
ಕಿವಿ ಕೇಳಿಸದವರಂತೆ ಡಬ್ಬಿ ಮುಚ್ಚುತ್ತಾರೆ.

ಶಲಾಕಾ ಗುಪ್ತೆಗೆ ಕೆಂಪೇ ಬೇಡ.
‘ನಾನು ಕಂಡಿದ್ದು ನೀಲಿ. ಅಪ್ಪ ಇಳಿಯುತ್ತಿದ್ದದ್ದು ನೀಲಿಯಿಂದ.
ನಿಮಗದು ಕೆಟ್ಟ ಕಾಲ. ನನಗೆ ಭಾನುವಾರ.’
ನೇರಳೆ ಪಟ್ಟಿಯ ಲೋಕಲ್ ಮಾಡಿ ತಂದ ಆದೇಶ್,
ಹತ್ತೊಂಬತ್ತರ ಹುಡುಗ, ಮೂಲೆಯಲ್ಲಿ ನಿಂತೇ ಇರುತ್ತಾನೆ.
ಮೇಜಿನ ಮೇಲಿಡು ಎಂದು
ಯಾರೂ ಇನ್ನೂ ಹೇಳಿಲ್ಲ.

ಕೊನೆಗೆ ನಾನೇ ಕರೆತಂದೆ ಯಮನಪ್ಪನವರನ್ನು.
ಮಾಟುಂಗಾ ವರ್ಕ್‌ಶಾಪಿನಲ್ಲಿ ಮೂವತ್ತಮೂರು ವರ್ಷ ಪೇಂಟರ್,
ಬಾಗಲಕೋಟೆ ಕಡೆಯವರು, ವಾಸ ಕುರ್ಲಾದ ಚಾಳು.
ಮೆಟ್ಟಿಲಲ್ಲಿ ಮೂರು ಸಲ ನಿಂತರು.
ನೇನೆ ರಟ್ಟೊಂದನ್ನು ಮುಂದಿಟ್ಟರು:
ಪೊಲೀಸು ಠಾಣೆಯಲ್ಲಿ ಗುರುತು ಹಿಡಿಯಲು ನಿಲ್ಲಿಸಿದಂತೆ
ಸಾಲಾಗಿ ಹದಿನಾಲ್ಕು ಕೆಂಪು.

ಅವರು ನನ್ನ ಕಡೆ ತಿರುಗಿದರು.
‘ಇವ್ರಿಗೆ ಹೇಳ್ರಿ, ಕೆಂಪು ನನ್ನ ಕೆಲಸಲ್ಲ.
ಕೆಂಪ ಬಳಿಯೂ ಮಂದಿ ಬ್ಯಾರೆ. ನಾ ಅಕ್ಷರದಾಂವ.
ನಂಬರು, ಎಷ್ಟ ಮಂದಿ ಕೂಡಬೇಕು ಅನ್ನೂದು,
ಹಳದಿ ಒಳಗ. ಕೆಂಪಿನ ಮ್ಯಾಲೆ.’

ಮರಾಠಿಗೆ ದಾಟಿಸಿದೆ. ಫ್ಯಾನಿನ ಸದ್ದೊಂದೇ.

‘ಕೆಂಪಂದ್ರ ಡ್ರಮ್ಮು ಬಂದಂಗ. ಮಾರ್ಚದಾಗ ಟರ್ಪಂಟೈನ್ ಜಾಸ್ತಿ.
ಮಳಿಗಾಲದಾಗ ಒಣಗೂದಿಲ್ಲ, ಕೈಗೆ ಹತ್ತತದ.
ಕೆಲವು ಕೆಂಪಿಗೆ ಹಳದಿ ಎರಡು ಕೋಟ್ ಬೇಕು.
ಒಂದೊಂದು ಇರ್ತಿತ್ತು ನೋಡ್ರಿ,
ಒಂದ ಕೋಟಿಗೆ ಹಿಡೀತಿತ್ತು,
ಕೂಸು ಮಲಿ ಹಿಡಿದಂಗ.’

‘ಯಾವ ವರ್ಷ?’ ಹೋಶಂಗ್ ಎದ್ದೇ ನಿಂತರು.
‘ಯಾವ ವರ್ಷದ್ದು ಆ ಕೆಂಪು?’

‘ಹುಡುಗಿ ಹುಟ್ಟಿದ ವರ್ಷ ಇರಬೇಕು.
ಇಲ್ಲಾ, ನನ್ನ ಕೈ ಚಲೋ ಇದ್ದ ವರ್ಷ.’
ಎರಡನೆಯದನ್ನು ನಾನು ದಾಟಿಸಲಿಲ್ಲ.

ಆಮೇಲೆ ಬ್ರಶ್ ಕೇಳಿದರು. ಇದ್ದದ್ದು ಆದೇಶನ ಹತ್ತಿರ,
ಬೆಕ್ಕಿನ ಮೀಸೆಯಷ್ಟು ತೆಳ್ಳಗಿನದು;
ಬಾಟಲಿ ಮುಚ್ಚಳದಲ್ಲಿ ಹನಿ ಹಳದಿ.
ಮೊಣಕೈಗೆ ಚಹದ ತಟ್ಟೆ ಬೋರಲು ಹಾಕಿಕೊಂಡು
ಉಸಿರು ಹಿಡಿದು
ಬೂದಿನ ಮೇಲೆ ಬರೆದರು ಐದು ಅಂಕಿ,
ಒಂದೊಂದೂ ಎಳ್ಳುಕಾಳು.
ನಾಲ್ಕರ ಕಾಲು ಸ್ವಲ್ಪ ಸೊಟ್ಟ.

ಬಣ್ಣವಿಲ್ಲದ ಬೋಗಿ ಆ ದಿನ ಓಡಿತು, ನಂಬರು ಹೊತ್ತು,
ಘಾಟು ಹತ್ತಿ, ಘಾಟು ಇಳಿದು.
‘ಆ ಹುಡುಗಂದೂ ಓಡಸ್ರಲಾ’ ಎಂದರು ಯಮನಪ್ಪ,
ಬ್ರುನ್ ಪಾವು ಚಹದಲ್ಲಿ ಅದ್ದುತ್ತ.
ಓಡಿಸಿದೆವು.

ಅವರ ಚಪ್ಪಲಿ ಇನ್ನೂ ಎರಡನೆಯ ಮಾಳಿಗೆ ಇಳಿದಿರಲಿಲ್ಲ,
ನೇನೆ ಭೂತಗನ್ನಡಿ ಎತ್ತಿದರು:
‘ಎಲ್ಲ ಸರಿ. ಆದರೆ ಈ ಹಳದಿ,
ಅರಿಶಿನವೋ, ಕಡಲೆಹಿಟ್ಟೋ?’